ಹ್ಯಾಂಬರ್ಗ್‌ನಲ್ಲಿ ಮಳೆ ಹಿಡಿದರೆ: ಕೊಡಗಿನವರಿಗೆ ಒಂದು ದಿನದ ದಾರಿ

ಜರ್ಮನಿಯ ಹ್ಯಾಂಬರ್ಗ್‌ಗೆ ಹೊರಟಿದ್ದೇವೆ ಅಂದರೆ, ಅಲ್ಲಿ ಹೋಗಿ ಬಂದವರು ಮೊದಲು ಹೇಳುವುದು "ಅಯ್ಯೋ, ಅಲ್ಲಿ ಬರೀ ಮಳೆ" ಅಂತ. ಮಡಿಕೇರಿಯವರಿಗೆ ಈ ಮಾತು ಕೇಳಿದರೆ ನಗು ಬರುತ್ತದೆ. ಹ್ಯಾಂಬರ್ಗ್‌ನಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆ 750ರಿಂದ 800 ಮಿಲಿಮೀಟರ್. ನಮ್ಮ ಇಂಚಿನ ಲೆಕ್ಕದಲ್ಲಿ 30 ಚಿಲ್ಲರೆ. ಜೋರು ಹಿಡಿದ ಒಂದು ಜುಲೈ ತಿಂಗಳಿಗೇ ಮಡಿಕೇರಿಯಲ್ಲಿ ಅಷ್ಟು ಬಂದುಬಿಡುತ್ತದೆ. ಭಾಗಮಂಡಲದ ಕಡೆಯವರಂತೂ ಅದನ್ನು ಮಳೆ ಅಂತ ಒಪ್ಪುವುದೇ ಕಷ್ಟ.

ಆದರೂ ಆ ಊರಿನ ಮಳೆಗೆ ನಮ್ಮವರು ಸೋಲುತ್ತಾರೆ. ನಮ್ಮಲ್ಲಿ ಮಳೆ ಧೋ ಅಂತ ಸುರಿಯುತ್ತದೆ, ಸ್ವಲ್ಪ ಹೊಳವಾಗುತ್ತದೆ, ಮತ್ತೆ ಸುರಿಯುತ್ತದೆ. ಅಲ್ಲಿ ಬರೀ ಹತ್ತು ಸೆಂಟ್, ಅಂದರೆ ಇಂಚಿನ ಹತ್ತನೇ ಒಂದು ಪಾಲು ಮಳೆಯನ್ನು ಬೆಳಿಗ್ಗೆಯಿಂದ ಸಂಜೆವರೆಗೆ ಎಳೆಯುತ್ತದೆ. ಜೊತೆಗೆ ಉತ್ತರ ಸಮುದ್ರದ ಕಡೆಯಿಂದ ಬರುವ ಗಾಳಿ. ಹನಿ ಮೇಲಿನಿಂದ ಬೀಳುವುದಿಲ್ಲ, ಅಡ್ಡಡ್ಡ ಬಂದು ಮುಖಕ್ಕೆ ಹೊಡೆಯುತ್ತದೆ. ಮೇ ತಿಂಗಳಲ್ಲೂ ಬೆಳಿಗ್ಗೆ ಹತ್ತು ಡಿಗ್ರಿ ಇರಬಹುದು.

ಮಕ್ಕಳು ಜರ್ಮನಿಯಲ್ಲಿ ಎಂ.ಎಸ್. ಓದುತ್ತಿರುವ ಮನೆಗಳು ಈಗ ಕೊಡಗಿನಲ್ಲಿ ಜಾಸ್ತಿ ಆಗಿವೆ. ಕಾಫಿ ಕುಯ್ಲು ಮುಗಿದು, ಹೂ ಅರಳಿಸುವ ಹೂಮಳೆ ಬಂದು, ಕೈಗೆ ಒಂದಿಷ್ಟು ದುಡ್ಡು ಬಂದ ಮೇಲೆ ಅಪ್ಪ ಅಮ್ಮ ಹೊರಡುತ್ತಾರೆ. ಹ್ಯಾಂಬರ್ಗ್‌ಗೆ ಸಾಮಾನ್ಯವಾಗಿ ಸಿಗುವುದು ಒಂದೇ ದಿನ. ಆ ದಿನವೇ ಮಳೆ ಹಿಡಿದರೆ ಏನು ಮಾಡುವುದು? ರೂಮಿನಲ್ಲಿ ಕೂರಬೇಡಿ. ಈ ಊರಿನ ಒಳ್ಳೆಯ ಜಾಗಗಳಲ್ಲಿ ಮುಕ್ಕಾಲು ಪಾಲು ಸೂರಿನ ಅಡಿಯಲ್ಲೇ ಇವೆ. ಸೂರಿನಿಂದ ಸೂರಿಗೆ ಹೇಗೆ ದಾಟುವುದು ಅಂತ ಗೊತ್ತಿದ್ದರೆ ಸಾಕು. ಅದರಲ್ಲೂ ಕಾಫಿ ಬೆಳೆಯುವವರಿಗೆ ಇಲ್ಲಿ ನೋಡಲು ಬೇರೆಯವರಿಗಿಂತ ಜಾಸ್ತಿ ಇದೆ.

ಹಿಂದಿನ ರಾತ್ರಿ

ಮೊದಲ ಕೆಲಸ, ಛತ್ರಿಯನ್ನು ಬ್ಯಾಗಿನಿಂದ ತೆಗೆದು ಪಕ್ಕಕ್ಕಿಡಿ. ಬಂದರಿನ ಗಾಳಿಗೆ ಅದು ನಿಲ್ಲುವುದಿಲ್ಲ. ತಲೆಗೆ ಟೋಪಿ ಇರುವ, ಗಾಳಿ ತಡೆಯುವ ರೇನ್ ಜಾಕೆಟ್ ಬೇಕು. ಒಳಗೆ ಒಂದು ತೆಳು ಸ್ವೆಟರ್. ಒಳಗೆ ಹೋದಲ್ಲೆಲ್ಲ ಹೀಟರ್ ಇರುವುದರಿಂದ ದಪ್ಪ ಕೋಟು ಒಂದೇ ಹಾಕಿಕೊಂಡರೆ ಬೆವರಿ ಸುಸ್ತಾಗುತ್ತದೆ. ಬಟ್ಟೆ ಶೂ ಬೇಡ. ಒಂದು ಜೊತೆ ಒಣ ಕಾಲುಚೀಲ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಟ್ಟುಕೊಳ್ಳಿ. ಮಧ್ಯಾಹ್ನ ಅದರ ಬೆಲೆ ಗೊತ್ತಾಗುತ್ತದೆ.

ನನ್ನ ಸೋದರತ್ತೆಗೆ ಇದನ್ನೇ ಹೇಳಿದ್ದೆ. "ನಾನು ಕಕ್ಕಡದಲ್ಲಿ ಕೊಪ್ಪೆ ಹಾಕಿಕೊಂಡು ಗದ್ದೆ ನಾಟಿ ಮಾಡಿದವಳು ಮಾರಾಯ, ನನಗೆ ಮಳೆ ಪಾಠ ಹೇಳ್ಬೇಡ" ಅಂದರು. ಬಂದರಿನಲ್ಲಿ ಇಳಿದು ಎರಡು ನಿಮಿಷ ಆಗಿರಲಿಲ್ಲ, ಅವರ ಛತ್ರಿ ಮೇಲ್ಮುಖವಾಗಿ ಮಡಚಿಕೊಂಡಿತು. ಅಲ್ಲಿನ ಕಸದ ಡಬ್ಬಿಗಳಲ್ಲಿ ಆಗಲೇ ಅಂಥ ಕಡ್ಡಿ ಮುರಿದ ಛತ್ರಿಗಳು ಇಣುಕುತ್ತಿದ್ದವು. "ಇದೆಂಥ ಗಾಳಿಯಾ!" ಅಂತ ಅತ್ತೆ ಸೀರೆಯ ಸೆರಗನ್ನು ಜಾಕೆಟ್ ಒಳಗೆ ತುರುಕಿಕೊಂಡರು. ಸೀರೆ ಉಡುವವರು ಒಳಗೊಂದು ಲೆಗ್ಗಿಂಗ್ಸ್ ಹಾಕಿಕೊಳ್ಳುವುದು ಒಳ್ಳೆಯದು.

ಎರಡನೇ ಕೆಲಸ ಮಿನಿಯಾಟೂರ್ ವುಂಡರ್‌ಲಾಂಟ್‌ನ ಟಿಕೆಟ್. ಇದು ಪುಟಾಣಿ ರೈಲುಗಳ ದೊಡ್ಡ ಪ್ರದರ್ಶನ. ಮಳೆ ಬಂದ ದಿನ ಊರಿಗೆ ಬಂದವರೆಲ್ಲ ಅಲ್ಲಿಗೇ ನುಗ್ಗುತ್ತಾರೆ. ಒಳಗೆ ಹೋಗುವ ಹೊತ್ತನ್ನು ಆರಿಸಿಕೊಂಡು ಆನ್‌ಲೈನ್‌ನಲ್ಲಿ ಟಿಕೆಟ್ ತೆಗೆಯಬಹುದು. ಮಧ್ಯಾಹ್ನ ಮೂರರ ನಂತರದ ಹೊತ್ತು ಸಿಕ್ಕರೆ ಈ ಲೇಖನದ ದಾರಿಗೆ ಸರಿಹೊಂದುತ್ತದೆ. ಬುಕ್ ಮಾಡದೆ ಹೋದರೆ ಕಾಯುವುದರಲ್ಲೇ ಅರ್ಧ ದಿನ ಹೋಗಬಹುದು.

ಟಿಕೆಟ್ ಒಂದೇ, ರೈಲು ಬಸ್ ಬೋಟ್ ಮೂರೂ

ಊರೊಳಗಿನ ರೈಲು, ಬಸ್, ಬಂದರಿನ ಫೆರ‍್ರಿ ಎಲ್ಲಕ್ಕೂ ಒಂದೇ ಟಿಕೆಟ್ ನಡೆಯುತ್ತದೆ. ಒಂದು ದಿನದ ಟಿಕೆಟ್ ತೆಗೆದುಕೊಳ್ಳಿ. ವಾರದ ದಿನಗಳಲ್ಲಿ ಬೆಳಿಗ್ಗೆ 9ರ ಮೇಲೆ ಹೊರಡುವವರಿಗೆ ಕಡಿಮೆ ದರದ ಟಿಕೆಟ್ ಇದೆ. ಮನೆ ಮಂದಿಯೆಲ್ಲ ಒಟ್ಟಿಗೆ ಇದ್ದರೆ ಗುಂಪಿನ ಟಿಕೆಟ್ ಕೇಳಿ. ಮಗ ಅಥವಾ ಮಗಳ ಹತ್ತಿರ ಹ್ಯಾಂಬರ್ಗ್‌ನಲ್ಲೂ ನಡೆಯುವ ಸ್ಟೂಡೆಂಟ್ ಪಾಸ್ ಇದ್ದರೆ ಅವರಿಗೆ ಬೇರೆ ಟಿಕೆಟ್ ಬೇಡ.

ಸ್ಟೇಷನ್‌ಗಳಲ್ಲಿ ಗೇಟ್ ಇರುವುದಿಲ್ಲ. ನಮ್ಮ ಮೆಟ್ರೋ ಹಾಗೆ ಯಾರೂ ತಡೆಯುವುದಿಲ್ಲ. ಹಾಗಂತ ಸುಮ್ನೆ ಹತ್ತಿ ಕೂರಬೇಡಿ. ಮಾಮೂಲಿ ಬಟ್ಟೆಯಲ್ಲಿ ಇರುವ ತಪಾಸಣೆಯವರು ಯಾವಾಗ ಬೇಕಾದರೂ ಬರುತ್ತಾರೆ. ದಂಡ 60 ಯೂರೋ.

ಯು3 ರೈಲಿನ ಎಡಗಡೆ ಸೀಟು

ದೊಡ್ಡ ರೈಲ್ವೆ ಸ್ಟೇಷನ್‌ನಿಂದ ಬಂದರಿಗೆ ಬೇಗ ತಲುಪಿಸುವ ಎಸ್ ರೈಲುಗಳು ಇವೆ. ಅವು ನೆಲದ ಒಳಗೇ ಹೋಗುತ್ತವೆ. ನೀವು ಯು3 ಹತ್ತಿ. ರಾಟ್‌ಹೌಸ್ ಅನ್ನುವ ಸ್ಟೇಷನ್ ದಾಟಿದ ಮೇಲೆ ರೈಲು ನೆಲದಿಂದ ಹೊರಗೆ ಬಂದು ಕಬ್ಬಿಣದ ಕಂಬಗಳ ಮೇಲೆ ಏರುತ್ತದೆ. ರೋಡಿಂಗ್ಸ್‌ಮಾರ್ಕ್ಟ್, ಬೌಮ್‌ವಾಲ್, ಆಮೇಲೆ ಲಾಂಡುಂಗ್ಸ್‌ಬ್ರುಕನ್. ಇಷ್ಟು ದೂರ ಎಡಗಡೆ ಕಿಟಕಿಯಲ್ಲಿ ಪೂರ್ತಿ ಬಂದರು ಕಾಣುತ್ತದೆ. ಈ ಲೈನ್ 1912ರಲ್ಲೇ ಶುರುವಾದದ್ದು. ಒಂದು ಹನಿ ಬೀಳದೆ, ಬಿಸಿ ಸೀಟಿನಲ್ಲಿ ಕೂತು ಬಂದರಿನ ಮೊದಲ ನೋಟ ಸಿಗುತ್ತದೆ. ದೊಡ್ಡ ಟೂರ್ ಬಸ್ಸಿಗೆ ದುಡ್ಡು ಕೊಡುವುದಕ್ಕಿಂತ ಇದೇ ಮೇಲು.

ಬಂದರಿನಲ್ಲಿ ಮೊದಲು ನೀರು ನೋಡಿ

ಲಾಂಡುಂಗ್ಸ್‌ಬ್ರುಕನ್‌ನಲ್ಲಿ ಇಳಿದವರು ಸಮುದ್ರ ಎಲ್ಲಿ ಅಂತ ಹುಡುಕುತ್ತಾರೆ. ಸಮುದ್ರ ಇಲ್ಲ. ಇದು ಎಲ್ಬೆ ನದಿ. ಕಡಲು ಇಲ್ಲಿಂದ 100 ಕಿಲೋಮೀಟರ್‌ಗಿಂತ ದೂರದಲ್ಲಿದೆ. ಆದರೂ ಜರ್ಮನಿಯ ಅತಿ ದೊಡ್ಡ ಬಂದರು ಇದೇ. 400 ಮೀಟರ್ ಉದ್ದದ ಕಂಟೇನರ್ ಹಡಗುಗಳು ನದಿಯಲ್ಲಿ ಏರಿ ಇಲ್ಲಿಯವರೆಗೆ ಬರುತ್ತವೆ.

ಕಡಲು ದೂರ ಇದ್ದರೂ ಉಬ್ಬರ ಇಳಿತ ಮಾತ್ರ ಬಿಟ್ಟಿಲ್ಲ. ದಿನಕ್ಕೆ ಎರಡು ಸಲ ನೀರು ಮೂರೂವರೆ ಮೀಟರಿನಷ್ಟು ಏರಿ ಇಳಿಯುತ್ತದೆ. ಬೋಟ್ ಹತ್ತುವ ಕಟ್ಟೆ ನೆಲಕ್ಕೆ ಅಂಟಿಕೊಂಡಿಲ್ಲ, ನೀರಿನ ಮೇಲೆ ತೇಲುತ್ತದೆ. ದಡದಿಂದ ಅದಕ್ಕೆ ಇಳಿಯುವ ಚಿಕ್ಕ ಸೇತುವೆಗಳನ್ನು ಗಮನಿಸಿ. ಬೆಳಿಗ್ಗೆ ಸಪಾಟಾಗಿದ್ದ ಸೇತುವೆ ಮಧ್ಯಾಹ್ನಕ್ಕೆ ಕಡಿದಾದ ಇಳಿಜಾರಾಗಿರುತ್ತದೆ. ಮಳೆಯಲ್ಲಿ ಅದು ಜಾರುತ್ತದೆ, ಕಂಬಿ ಹಿಡಿದೇ ಇಳಿಯಿರಿ. ಮಂಡಿ ನೋವಿನವರು ಇನ್ನೂ ಜಾಗ್ರತೆ. ಪಕ್ಕದ ಕಲ್ಲಿನ ಗೋಪುರದಲ್ಲಿ ಗಡಿಯಾರದ ಜೊತೆ ನೀರಿನ ಮಟ್ಟವನ್ನೂ ತೋರಿಸುತ್ತಾರೆ.

ಅಲ್ಲೇ ಕೆಲವರು ಬೋರ್ಡ್ ಹಿಡಿದು, "ಒಂದು ಗಂಟೆ ಬಂದರು ಸುತ್ತಾಟ" ಅಂತ ಕೂಗಿ ಕರೆಯುತ್ತಾರೆ. ಬಿಸಿಲಿನ ದಿನ ಚೆನ್ನಾಗಿರುತ್ತದೆ, ಚಿಕ್ಕ ಬೋಟ್‌ಗಳು ಕಾಲುವೆಗಳ ಒಳಗೂ ನುಗ್ಗುತ್ತವೆ. ಮಳೆಯ ದಿನ ಅದಕ್ಕೆ ದುಡ್ಡು ಹಾಕುವುದು ನನಗೆ ಸರಿ ಕಾಣುವುದಿಲ್ಲ. ಕಿಟಕಿಗೆಲ್ಲ ಮಂಜು ಕಟ್ಟಿ, ಪಕ್ಕದವರ ಒದ್ದೆ ಜಾಕೆಟ್ ಬಿಟ್ಟು ಬೇರೇನೂ ಕಾಣುವುದಿಲ್ಲ. ಕಾಲುವೆಗೆ ಹೋಗುವುದೂ ಉಬ್ಬರದ ಲೆಕ್ಕದ ಮೇಲೆ. ನೀರು ಇಳಿದಿದ್ದರೆ ಹೊರಗೇ ಸುತ್ತಿಸಿ ಬಿಡುತ್ತಾರೆ.

ಬದಲಿಗೆ 3ನೇ ಸೇತುವೆಗೆ ನಡೆಯಿರಿ. ಅಲ್ಲಿ 62ನೇ ನಂಬರಿನ ಫೆರ‍್ರಿ ಬರುತ್ತದೆ. ಇದು ಊರಿನವರು ಕೆಲಸಕ್ಕೆ ಹೋಗಿ ಬರುವ ಬೋಟ್. ಹಗಲಿನಲ್ಲಿ ಕಾಲು ಗಂಟೆಗೊಂದು. ನಿಮ್ಮ ದಿನದ ಟಿಕೆಟ್ ಇದಕ್ಕೂ ಆಗುತ್ತದೆ. ಮೊಂಡು ಮೂತಿಯ ಈ ಬೋಟ್‌ಗಳಿಗೆ ಅಲ್ಲಿನವರು ಇಸ್ತ್ರಿಪೆಟ್ಟಿಗೆ ಅಂತಲೇ ಹೆಸರಿಟ್ಟಿದ್ದಾರೆ. ಫಿಂಕನ್‌ವೆರ್ಡರ್ ತನಕ ಹೋಗಲು ಅರ್ಧ ಗಂಟೆ, ಅದೇ ಬೋಟಿನಲ್ಲಿ ವಾಪಸ್ ಬಂದರೆ ಒಟ್ಟು ಒಂದು ಗಂಟೆ.

ಕೆಳಗಿನ ಅಂತಸ್ತಿನಲ್ಲಿ ಕಿಟಕಿ ಪಕ್ಕ ಕೂತುಕೊಳ್ಳಿ. ಫೋಟೋ ಬೇಕಾದಾಗ ಮಾತ್ರ ಮೇಲೆ ಹತ್ತಿ. ಹೋಗುವಾಗ ಬಲಗಡೆ ಹಳೆಯ ಮೀನು ಹರಾಜು ಕಟ್ಟಡ, ಆಮೇಲೆ ಹಡಗಿನ ಮೂತಿಯ ಹಾಗೆ ಓರೆಯಾಗಿ ನಿಂತ ಗಾಜಿನ ಆಫೀಸ್, ಮುಂದೆ ಓವೆಲ್‌ಗೋನ್ನೆಯ ಮರಳು ದಡ. ಎಡಗಡೆ ಹಡಗು ರಿಪೇರಿ ಡಾಕ್‌ಗಳು, ಆಮೇಲೆ ಕಂಟೇನರ್ ಇಳಿಸುವ ಕ್ರೇನ್‌ಗಳ ಸಾಲು. ಬುರ್ಖಾರ್ಡ್‌ಕೈ ಅನ್ನುವ ಈ ಕಟ್ಟೆಯಲ್ಲಿ 1968ರಿಂದ ಕಂಟೇನರ್ ಇಳಿಯುತ್ತಿದೆ.

ನಮ್ಮವರು ಇಲ್ಲಿ ಸ್ವಲ್ಪ ಹೊತ್ತು ಮಾತು ನಿಲ್ಲಿಸಿ ನೋಡಬೇಕು. ಭಾರತದ ಕಾಫಿ ಕೊಳ್ಳುವ ದೇಶಗಳಲ್ಲಿ ಇಟಲಿ, ಜರ್ಮನಿ ಮುಂದಿನ ಸಾಲಿನವು. ಕುಶಾಲನಗರ, ಹುಣಸೂರಿನ, ಬೀಜದ ಸಿಪ್ಪೆ ತೆಗೆದು ಹದ ಮಾಡುವ ಕ್ಯೂರಿಂಗ್ ವರ್ಕ್ಸ್‌ನಿಂದ ಲಾರಿ ಏರಿದ ಕಾಫಿ ಮಂಗಳೂರಿನಲ್ಲಿ ಹಡಗು ಹತ್ತುತ್ತದೆ. ಈಗೀಗ ಗೋಣಿಚೀಲವೂ ಕಮ್ಮಿ. ಕಂಟೇನರಿನ ಒಳಗೆ ದೊಡ್ಡ ಪ್ಲಾಸ್ಟಿಕ್ ಚೀಲ ಹಾಸಿ ಬೀಜವನ್ನು ನೇರ ಸುರಿದು ಬಿಡುತ್ತಾರೆ. ಆ ಕ್ರೇನ್‌ಗಳು ಎತ್ತಿ ಇಳಿಸುವ ಡಬ್ಬಿಗಳಲ್ಲಿ ಯಾವುದರಲ್ಲಿ ಏನಿದೆ ಅಂತ ಹೊರಗಿನಿಂದ ಹೇಳಲಾಗದು. ಆದರೆ ಯೂರೋಪಿಗೆ ಹಸಿ ಕಾಫಿ ಇಳಿಯುವ ದೊಡ್ಡ ಬಾಗಿಲುಗಳಲ್ಲಿ ಇದೂ ಒಂದು.

ನದಿಯ ಕೆಳಗೆ ನಡಿಗೆ

ಫೆರ‍್ರಿಯಿಂದ ಇಳಿದ ಮೇಲೆ ಪಕ್ಕದಲ್ಲೇ ದುಂಡಗಿನ ಗುಮ್ಮಟದ ಕಟ್ಟಡ ಕಾಣುತ್ತದೆ. ಅದು ಹಳೆಯ ಎಲ್ಬೆ ಸುರಂಗದ ಬಾಗಿಲು. ನಡೆದು ಹೋಗುವವರಿಗೆ ಟಿಕೆಟ್ ಇಲ್ಲ. ಲಿಫ್ಟ್‌ನಲ್ಲಿ ಅಥವಾ ಮೆಟ್ಟಿಲಲ್ಲಿ 24 ಮೀಟರ್ ಆಳಕ್ಕೆ ಇಳಿಯಬೇಕು. ಕೆಳಗೆ 426 ಮೀಟರ್ ಉದ್ದದ ಸುರಂಗ, ತಲೆಯ ಮೇಲೆ ನದಿ, ಅದರ ಮೇಲೆ ಹಡಗು. 1911ರ ಸೆಪ್ಟೆಂಬರ್‌ನಲ್ಲಿ ತೆರೆದದ್ದು. ಆ ಕಡೆಯ ಹಡಗು ಕಟ್ಟುವ ಜಾಗಕ್ಕೆ ಸಾವಿರಾರು ಕೂಲಿಯವರು ದಿನಾ ದಾಟಬೇಕಿತ್ತು, ಚಳಿಗಾಲದಲ್ಲಿ ಬೋಟ್ ನೆಚ್ಚಿಕೊಂಡರೆ ಆಗುತ್ತಿರಲಿಲ್ಲ. ಅದಕ್ಕೇ ಸುರಂಗ.

ಗೋಡೆಯ ಹೆಂಚುಗಳನ್ನು ಹತ್ತಿರದಿಂದ ನೋಡಿ. ಅಲ್ಲಲ್ಲಿ ಮಣ್ಣಿನ ಉಬ್ಬು ಚಿತ್ರಗಳಿವೆ. ಮೀನು, ಏಡಿ, ನೀರುನಾಯಿಯಂಥ ಸೀಲ್. ಒಂದರಲ್ಲಿ ಹಳೆಯ ಬೂಟಿನ ಸುತ್ತ ಇಲಿಗಳು. ನದಿಯಲ್ಲಿ ನಿಜವಾಗಿ ಏನೇನಿರುತ್ತದೋ ಅದನ್ನೆಲ್ಲ ಮಾಡಿಟ್ಟಿದ್ದಾರೆ. ಆ ಕಡೆ ಹತ್ತಿ ಹೊರಗೆ ಬಂದರೆ ಇಡೀ ಊರು ಎದುರಿಗೆ ಕಾಣುತ್ತದೆ. ಮಳೆ ಜೋರಿದ್ದರೆ ಅಲ್ಲಿಂದಲೇ ಹಿಂತಿರುಗಿ, ಏನೂ ನಷ್ಟವಿಲ್ಲ.

ಊಟ

ಬಂದರಿನಲ್ಲಿ ಸಿಗುವುದು ಬನ್ನಿನೊಳಗೆ ಇಟ್ಟ ಮೀನು. ಇದರಲ್ಲಿ ಸ್ವಲ್ಪ ಎಚ್ಚರ ಬೇಕು. ಬಿಸ್ಮಾರ್ಕ್, ಮಾಟ್ಯೆಸ್ ಅಂತ ಬರೆದಿದ್ದರೆ ಅದು ಬೇಯಿಸದ, ವಿನೆಗರ್ ಅಥವಾ ಉಪ್ಪಿನಲ್ಲಿ ಇಟ್ಟ ಮೀನು. ಕಾಚಂಪುಳಿಯ ಹುಳಿ ಗೊತ್ತಿರುವವರಿಗೆ ಬಿಸ್ಮಾರ್ಕ್ ಹಿಡಿಸಬಹುದು. ಹಸಿ ಮೀನು ಬೇಡ ಅನ್ನುವವರು ಬಾಕ್‌ಫಿಶ್ ಕೇಳಿ, ಅದು ಎಣ್ಣೆಯಲ್ಲಿ ಕರಿದದ್ದು, ಬಿಸಿ ಇರುತ್ತದೆ. ಲಾಬ್ಸ್‌ಕೌಸ್ ಅನ್ನುವ ಹಡಗಿನವರ ಊಟ ಈ ಊರಿನ ಹೆಮ್ಮೆ. ಆಲೂಗಡ್ಡೆ, ಬೀಟ್‌ರೂಟ್ ಜೊತೆ ಕಲಸಿದ ಉಪ್ಪು ಹಾಕಿದ ದನದ ಮಾಂಸ ಅದು. ಪಂದಿ ಕರಿ ತಿನ್ನುವ, ದನ ತಿನ್ನದ ಮನೆಯವರು ತಿಳಿದು ಆರ್ಡರ್ ಮಾಡಿ. ಹಂದಿ ಮಾಂಸ ಬೇಕಿದ್ದರೆ ಬ್ರಾಟ್‌ವುರ್ಸ್ಟ್ ಇದೆ, ಆದರೂ ಒಂದು ಮಾತು ಕೇಳಿಕೊಳ್ಳಿ.

ಸಸ್ಯಾಹಾರಿಗಳಿಗೆ ದೊಡ್ಡ ಸ್ಟೇಷನ್ ಹಿಂದಿನ ಸ್ಟೈನ್‌ಡಾಮ್ ರಸ್ತೆ ಇದೆ. ತುರ್ಕಿ, ಅಫ್ಘನ್, ನಮ್ಮ ಕಡೆಯ ಅಂಗಡಿಗಳೂ ಇವೆ. ಅಲ್ಲಿನ ಬೇಳೆ ಸೂಪ್ ಮಳೆಗೆ ಹೇಳಿ ಮಾಡಿಸಿದ್ದು. ಬೇಕರಿ ಕಂಡಲ್ಲಿ ಫ್ರಾಂಟ್ಸ್‌ಬ್ರೋಟ್‌ಖನ್ ತೆಗೆದುಕೊಳ್ಳಿ. ಬೆಣ್ಣೆ, ದಾಲ್ಚಿನ್ನಿ ಹಾಕಿ ಚಪ್ಪಟೆ ಮಾಡಿದ ಸಿಹಿ ಬನ್. ಬೇರೆ ಜರ್ಮನ್ ಊರುಗಳಲ್ಲಿ ಇದು ಇಷ್ಟು ಸಲೀಸಾಗಿ ಸಿಗುವುದಿಲ್ಲ. ಮತ್ತೆ, ಜೇಬಿನಲ್ಲಿ 50 ಸೆಂಟ್, ಒಂದು ಯೂರೋ ನಾಣ್ಯಗಳು ಇರಲಿ. ಟಾಯ್ಲೆಟ್‌ಗೆ ಬೇಕಾಗುತ್ತದೆ.

ಕಾಫಿ ಇಟ್ಟ ಗೋದಾಮುಗಳು

ಊಟ ಆದ ಮೇಲೆ ಮತ್ತೆ ಯು3 ಹತ್ತಿ ಒಂದೇ ಸ್ಟೇಷನ್ ಹಿಂದೆ ಬನ್ನಿ, ಬೌಮ್‌ವಾಲ್‌ಗೆ. ಸೇತುವೆ ದಾಟಿದರೆ ಕೆಂಪು ಇಟ್ಟಿಗೆಯ ಗೋದಾಮುಗಳ ಊರು ಶುರುವಾಗುತ್ತದೆ. ಹೆಸರು ಶ್ಪೈಖರ್‌ಶ್ಟಾಟ್. 1883ರಲ್ಲಿ ಕೆಲಸ ಶುರು ಮಾಡಿ 1888ರ ಅಕ್ಟೋಬರ್‌ನಲ್ಲಿ ಚಕ್ರವರ್ತಿ ಎರಡನೇ ವಿಲ್ಹೆಲ್ಮ್ ಕೈಯಲ್ಲಿ ಉದ್ಘಾಟನೆ ಮಾಡಿಸಿದರು. ಇದಕ್ಕಾಗಿ ಅಲ್ಲಿ ವಾಸವಿದ್ದ ಸುಮಾರು 20,000 ಜನರನ್ನು ಎಬ್ಬಿಸಿ ಮನೆಗಳನ್ನು ಒಡೆದರು. ಇಲ್ಲಿ ಸರಕು ಇಟ್ಟರೆ ಸುಂಕ ಇಲ್ಲ, ಇಲ್ಲಿಂದ ಊರೊಳಗೆ ದಾಟಿಸಿದರೆ ಮಾತ್ರ ಸುಂಕ. ಆ ಏರ್ಪಾಟಿನ ಕೊನೆಯ ತುಣುಕು ಹ್ಯಾಂಬರ್ಗ್ ಬಂದರಿನಲ್ಲಿ ಮುಗಿದದ್ದು 2013ರಲ್ಲಿ. 2015ರಲ್ಲಿ ಯುನೆಸ್ಕೋ ಈ ಜಾಗವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಕಾಫಿ, ಟೀ, ಕೋಕೋ, ಮೆಣಸು, ರತ್ನಗಂಬಳಿ. ಇವು ಇಲ್ಲಿ ತುಂಬಿರುತ್ತಿದ್ದವು. ಅದರಲ್ಲಿ ಕಾಫಿಯದೇ ದೊಡ್ಡ ಪಾಲು. 1887ರಲ್ಲೇ ಇಲ್ಲಿ ಕಾಫಿ ವಿನಿಮಯ ಕೇಂದ್ರ ಶುರುವಾಗಿತ್ತು. ಕಟ್ಟಡಗಳನ್ನು ಕತ್ತೆತ್ತಿ ನೋಡಿ. ಪ್ರತಿ ಅಂತಸ್ತಿಗೂ ಹೊರಗಡೆಗೆ ಒಂದು ಬಾಗಿಲು, ಕೆಳಗೆ ಮೆಟ್ಟಿಲಿಲ್ಲ. ತುದಿಯಲ್ಲಿ ರಾಟೆ. ಒಂದು ಬದಿ ಕಾಲುವೆ, ಇನ್ನೊಂದು ಬದಿ ರಸ್ತೆ. ಬೋಟಿನಿಂದ ಮೂಟೆಯನ್ನು ಹಗ್ಗದಲ್ಲಿ ಎತ್ತಿ ನೇರ ನಾಲ್ಕನೇ ಅಂತಸ್ತಿಗೆ ಎಳೆದುಕೊಳ್ಳುತ್ತಿದ್ದರು. ದಪ್ಪ ಗೋಡೆಗೆ ಹೊರಗಿನ ಚಳಿ ಸೆಕೆ ಬೇಗ ತಾಗುತ್ತಿರಲಿಲ್ಲ. ಮಳೆಯಲ್ಲಿ ಈ ಇಟ್ಟಿಗೆ ಕಪ್ಪುಗೆಂಪಾಗಿ ಹೊಳೆಯುತ್ತದೆ. ಬಿಸಿಲಿನ ದಿನಕ್ಕಿಂತ ಚೆನ್ನ ಅಂತ ನನ್ನ ಲೆಕ್ಕ.

ಇಲ್ಲಿ ತಪ್ಪಿಸಬಾರದ್ದು ಜಾಂಡ್‌ಟೋರ್‌ಕೈ ಬೀದಿಯ ಚಿಕ್ಕ ಮ್ಯೂಸಿಯಂ, ಶ್ಪೈಖರ್‌ಶ್ಟಾಟ್ ಮ್ಯೂಸಿಯಂ ಅಂತಲೇ ಹೆಸರು. ಟೂರ್ ಕಂಪನಿಯವರು ಹೇಳುವುದಿಲ್ಲ. ಒಳಗೆ ಹೋದ ಕೂಡಲೇ ಗೋಣಿಯ ವಾಸನೆ ಬರುತ್ತದೆ. ಮೂಟೆ, ತಕ್ಕಡಿ, ಕೊಕ್ಕೆ, ಸ್ಯಾಂಪಲ್ ಇಡುವ ತಟ್ಟೆಗಳು. ಚೀಲಕ್ಕೆ ಚುಚ್ಚಿ ಸ್ಯಾಂಪಲ್ ತೆಗೆಯುವ ಕಬ್ಬಿಣದ ಕೊಳವೆ ಇದೆಯಲ್ಲ, ನಮ್ಮಲ್ಲಿ ಕಾಫಿ ಕೊಳ್ಳುವವರು ತರುತ್ತಾರಲ್ಲ, ಅದೇ ಇಲ್ಲಿ ಗಾಜಿನೊಳಗೆ ಇದೆ. ಮೂತಿ ಚೂಪು, ಬೆನ್ನು ತೆರೆದದ್ದು, ಹಿಡಿ ಕೈ ಸವೆದು ನುಣುಪಾಗಿದೆ. ಚೀಲಕ್ಕೆ ಓರೆಯಾಗಿ ತೂರಿಸಿದರೆ ಒಂದು ಹಿಡಿ ಬೀಜ ಜಾರಿ ಅಂಗೈಗೆ ಬೀಳುತ್ತದೆ, ಚೀಲದ ಎಳೆ ಮತ್ತೆ ಕೂಡಿಕೊಳ್ಳುತ್ತದೆ. ಆ ಒಂದು ಹಿಡಿಯಲ್ಲೇ ಔಟ್‌ಟರ್ನ್ (ಚೀಲಕ್ಕೆ ಎಷ್ಟು ಒಳ್ಳೆಯ ಬೀಜ ಸಿಗುತ್ತದೆ ಅನ್ನುವ) ಲೆಕ್ಕ, ರೇಟು, ಜಗಳ ಎಲ್ಲ. ಕಣದಲ್ಲಿ ನಿಂತು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನೊಂದು, ಕಾಫಿ ಆರಿಸುವ ಹೆಂಗಸರ ವಿಷಯ. ಬೆಂಚಿನ ಮೇಲೆ ಸಾಲಾಗಿ ಕೂತು ಕಪ್ಪು ಬೀಜ, ಒಡಕು ಬೀಜ, ಕಲ್ಲು ಬೇರೆ ಮಾಡುತ್ತಿದ್ದರು. ನಮ್ಮ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಗಾರ್ಬಲಿಂಗ್ ಅನ್ನುವ ಕೆಲಸ ಇದೇ. ಕಡಲಿನ ಈ ತುದಿಯಲ್ಲೂ ಆ ತುದಿಯಲ್ಲೂ ಅದೇ ಬೀಜವನ್ನು ಕಮ್ಮಿ ಕೂಲಿಗೆ ಹೆಂಗಸರ ಕೈಯೇ ಮುಟ್ಟಿದೆ. ಮೆಷಿನ್ ಬಂದ ಮೇಲೆ ಅದೂ ಕಮ್ಮಿಯಾಯಿತು.

ಕಾಫಿ ಕುಡಿಯಲು ಕೇರ್‌ವೀಡರ್ ಬೀದಿಯ ಹುರಿಯುವ ಮನೆಗೆ ಹೋಗಿ. ಹಳೆಯ ಗೋದಾಮಿನೊಳಗೇ ಹುರಿದು, ಅಲ್ಲೇ ಪುಡಿ ಮಾಡಿ ಕೊಡುತ್ತಾರೆ. ಒದ್ದೆ ಜಾಕೆಟ್ ಕುರ್ಚಿಗೆ ನೇತುಹಾಕಿ, ಒಣ ಕಾಲುಚೀಲ ಬದಲಾಯಿಸಲು ಇದೇ ಜಾಗ. ಅಲ್ಲಿನ ಕಾಫಿ ನಮ್ಮ ಚಿಕೋರಿ ಫಿಲ್ಟರ್ ಕಾಫಿಯ ಹಾಗೆ ಇರುವುದಿಲ್ಲ, ಹಾಲು ಸಕ್ಕರೆ ಇಲ್ಲದೆ ಮೊದಲು ಒಂದು ಗುಟುಕು ಕುಡಿದು ನೋಡಿ. ಕೊಂಡು ತರುವುದಾದರೆ ಬೆಲೆ ನೋಡಿ ಗಾಬರಿ ಆಗಬೇಡಿ. ಜರ್ಮನಿಯಲ್ಲಿ ಹುರಿದ ಕಾಫಿಗೆ ಕಿಲೋಗೆ 2.19 ಯೂರೋ ಬರೀ ಕಾಫಿ ತೆರಿಗೆ.

ಈ ಊರಿನ ಕಾಫಿ ಅಂಗಡಿಗಳಲ್ಲಿ ಇಂಡಿಯಾ ಮಾನ್ಸೂನ್ಡ್ ಮಲಬಾರ್ ಅಂತ ಬೋರ್ಡ್ ಕಂಡರೆ ಜೊತೆಗಿದ್ದವರಿಗೆ ಅದರ ಕತೆ ಹೇಳಿ. ಹಾಯಿ ಹಡಗಿನ ಕಾಲದಲ್ಲಿ ನಮ್ಮ ಕರಾವಳಿಯಿಂದ ಹೊರಟ ಕಾಫಿ ಆಫ್ರಿಕಾ ಸುತ್ತಿ ಯೂರೋಪ್ ಸೇರಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಹಡಗಿನ ತಳದ ತೇವಕ್ಕೆ ಬೀಜ ಊದಿ ಹಳದಿಯಾಗುತ್ತಿತ್ತು. ಅಲ್ಲಿನವರಿಗೆ ಆ ರುಚಿಯೇ ಹಿಡಿಸಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು, ಆವಿ ಹಡಗೂ ಬಂದ ಮೇಲೆ ಬೀಜ ಹಸಿರಾಗಿಯೇ ತಲುಪತೊಡಗಿತು. ಹಳೆಯ ರುಚಿ ಬೇಕು ಅಂತ ಕೇಳಿದರು. ಆಗ ಮಂಗಳೂರು ಕಡೆಯ ಕ್ಯೂರಿಂಗ್‌ನವರು ಜೂನ್‌ನಿಂದ ಸೆಪ್ಟೆಂಬರ್ ತನಕ ಬೀಜವನ್ನು ಮಳೆಗಾಲದ ಗಾಳಿಗೆ ಹರಡಿ ಊದಿಸಲು ಶುರು ಮಾಡಿದರು. ಈಗಲೂ ಹಾಗೇ ಮಾಡುತ್ತಾರೆ. ನಮ್ಮ ಮಳೆಗಾಳಿಗೇ ಅವರು ಜಾಸ್ತಿ ದುಡ್ಡು ಕೊಡುವುದು ಅಂತಾಯಿತು.

ಪುಟಾಣಿ ರೈಲೋ, ಹಡಗಿನ ಮ್ಯೂಸಿಯಮೋ

ಎರಡೂ ಮಾಡಲು ಹೋಗಬೇಡಿ, ಕಾಲು ಸೋಲುತ್ತದೆ. ಮಕ್ಕಳಿದ್ದರೆ ಮಿನಿಯಾಟೂರ್ ವುಂಡರ್‌ಲಾಂಟ್. ಅವಳಿ ಸಹೋದರರು 2001ರಲ್ಲಿ ಶುರು ಮಾಡಿದ ಜಾಗ. 16 ಕಿಲೋಮೀಟರ್ ದಾಟಿದ ಹಳಿ, 87ರಲ್ಲಿ ಒಂದು ಪಾಲಿನ ಅಳತೆಯ ಊರುಗಳು. ಹದಿನೈದು ನಿಮಿಷಕ್ಕೊಮ್ಮೆ ರಾತ್ರಿಯಾಗಿ ಸಾವಿರಾರು ದೀಪ ಹತ್ತಿಕೊಳ್ಳುತ್ತವೆ. ವಿಮಾನ ನಿಲ್ದಾಣದಲ್ಲಿ ವಿಮಾನ ನಿಜವಾಗಿ ಓಡಿ ಮೇಲೇಳುತ್ತದೆ. "ಇದು ಮಕ್ಕಳ ಆಟ" ಅಂತ ಹೊರಗೆ ಕೂರುವ ಮಾವಂದಿರೇ ಒಳಗೆ ಹೋದ ಮೇಲೆ ಹೊರಗೆ ಬರುವುದಿಲ್ಲ. ಮೂರು ಗಂಟೆ ಇಟ್ಟುಕೊಳ್ಳಿ.

ಮಕ್ಕಳಿಲ್ಲದಿದ್ದರೆ ಕೈಶ್ಪೈಖರ್ ಬಿ ಕಟ್ಟಡದ ಕಡಲಯಾನ ಮ್ಯೂಸಿಯಂ. ಕಟ್ಟಡ 1879ರದ್ದು, ಅಂದರೆ ಸುತ್ತಲಿನ ಗೋದಾಮುಗಳಿಗಿಂತ ಹಳೆಯದು. ಒಂಬತ್ತು ಅಂತಸ್ತು. ಲಿಫ್ಟ್‌ನಲ್ಲಿ ಮೇಲೆ ಹೋಗಿ ಇಳಿಯುತ್ತಾ ಬನ್ನಿ. ಅಲ್ಲೇ ಹತ್ತಿರ ಸುಂಕದ ಇಲಾಖೆಯ ಚಿಕ್ಕ ಮ್ಯೂಸಿಯಂ ಇದೆ, ಕಳ್ಳಸಾಗಣೆಯ ಉಪಾಯಗಳನ್ನೆಲ್ಲ ತೋರಿಸಿದ್ದಾರೆ. ಸುಂಕದ ಮ್ಯೂಸಿಯಂಗೆ ಸೋಮವಾರ ರಜೆ.

ಸಂಜೆಗೆ ಎತ್ತರ

ಐದಾರು ಗಂಟೆಗೆ ಎಲ್ಬ್‌ಫಿಲ್‌ಹಾರ್ಮೊನಿಗೆ ನಡೆಯಿರಿ. ಹಳೆಯ ಕೋಕೋ ಗೋದಾಮಿನ ತಲೆಯ ಮೇಲೆ ಗಾಜಿನ ಅಲೆ ಕೂರಿಸಿದ ಸಂಗೀತ ಭವನ. ಊರಿನವರು ಇದರ ಖರ್ಚಿನ ಬಗ್ಗೆ ಇನ್ನೂ ಗೊಣಗುತ್ತಾರೆ. 2010ಕ್ಕೆ ಮುಗಿಯಬೇಕಿದ್ದದ್ದು 2017ರ ಜನವರಿಗೆ ತೆರೆಯಿತು, ಬಿಲ್ಲು 86 ಕೋಟಿ ಯೂರೋ ದಾಟಿತು. ನಮ್ಮಲ್ಲಿ ಮಾತ್ರ ಕಾಮಗಾರಿ ಎಳೆಯುತ್ತದೆ ಅಂದುಕೊಳ್ಳಬೇಡಿ. ಸಂಗೀತ ಕಛೇರಿಯ ಟಿಕೆಟ್ ಇಲ್ಲದಿದ್ದರೂ ಪ್ಲಾಜಾ ಅನ್ನುವ ಅಂಗಳದ ತನಕ ಹೋಗಬಹುದು, ಅದಕ್ಕೆ ಬೇರೆ ಪಾಸ್ ಬೇಕು. 82 ಮೀಟರ್ ಉದ್ದದ, ಬಾಗಿದ ಎಸ್ಕಲೇಟರ್ ನಿಮ್ಮನ್ನು ಮೇಲಕ್ಕೆ ಒಯ್ಯುತ್ತದೆ, ತುದಿ ಕಾಣುವುದೇ ಇಲ್ಲ. 37 ಮೀಟರ್ ಎತ್ತರದಲ್ಲಿ ಸುತ್ತಲೂ ಓಡಾಡುವ ಜಗಲಿ. ಗಾಳಿಯ ಬದಿಗೆ ಹೋದರೆ ನಿಲ್ಲಲಾಗದು. ಗಾಜಿನ ಒಳಗೇ ನಿಂತು ನೋಡಿ.

ಕೆಳಗೆ ಹಾಫೆನ್‌ಸಿಟಿಯ ಹೊಸ ಕಟ್ಟಡಗಳ ತಳದಲ್ಲಿ ಕಬ್ಬಿಣದ ದೊಡ್ಡ ಬಾಗಿಲುಗಳು ಕಾಣುತ್ತವೆ. ಪ್ರವಾಹ ಬಂದರೆ ಮುಚ್ಚುವುದಕ್ಕೆ. 1962ರ ಫೆಬ್ರುವರಿ 16ರ ರಾತ್ರಿ ಬಿರುಗಾಳಿ ಕಡಲನ್ನು ನದಿಯೊಳಗೆ ತಳ್ಳಿ ದಂಡೆಗಳು ಒಡೆದವು. ಹ್ಯಾಂಬರ್ಗ್‌ನಲ್ಲಿ 315 ಜನ ಸತ್ತರು. ಜನ ಮಲಗಿದ್ದ ಹೊತ್ತು. ಮುಂದೆ ದೇಶದ ಚಾನ್ಸಲರ್ ಆದ ಹೆಲ್ಮುಟ್ ಶ್ಮಿಟ್ ಆಗ ಊರಿನ ಪೊಲೀಸ್ ಖಾತೆ ನೋಡುತ್ತಿದ್ದರು, ಸೈನ್ಯವನ್ನೇ ಕರೆಸಿದರು. ಬೌಮ್‌ವಾಲ್‌ನಿಂದ ಲಾಂಡುಂಗ್ಸ್‌ಬ್ರುಕನ್ ತನಕ ಜನ ಆರಾಮಾಗಿ ಓಡಾಡುವ ಎತ್ತರದ ದಾರಿ ಇದೆಯಲ್ಲ, ಅದು ದಾರಿಯ ವೇಷದಲ್ಲಿರುವ ತಡೆಗೋಡೆ. ಜಾಹಾ ಹದೀದ್ ಅವರ ಸಂಸ್ಥೆ ವಿನ್ಯಾಸ ಮಾಡಿದ್ದು, 2019ರಲ್ಲಿ ಪೂರ್ತಿಯಾಯಿತು. 2018ರ ಆಗಸ್ಟ್‌ನ ಮಳೆ, ಭೂಕುಸಿತ ಕಂಡ ಕೊಡಗಿನವರು ಆ ಗೋಡೆಯ ಮೇಲೆ ಸ್ವಲ್ಪ ನಿಧಾನವಾಗಿ ನಡೆಯುತ್ತಾರೆ. ಮಳೆಯನ್ನು ನಂಬಿ ಬದುಕಿ, ಮಳೆಗೇ ಹೆದರುವುದು ನಮಗೆ ಗೊತ್ತು.

ಇದರಿಂದ ಪ್ರಯಾಣಿಕರಿಗೂ ಒಂದು ಪಾಠ ಇದೆ. ಅಕ್ಟೋಬರ್‌ನಿಂದ ಮಾರ್ಚ್ ನಡುವೆ ಹೋದರೆ, ಶ್ಟುರ್ಮ್‌ಫ್ಲೂಟ್ ಅನ್ನುವ, ಅಂದರೆ ಬಿರುಗಾಳಿಯಿಂದ ನೀರು ನುಗ್ಗುವ ಎಚ್ಚರಿಕೆ ಫೋನಿನಲ್ಲಿ ಬಂದಿದೆಯೇ ನೋಡಿ. ಬಂದಿದ್ದರೆ ಆ ದಿನ ನೀರಿನ ಅಂಚಿಗೆ ಹೋಗಬೇಡಿ, ಬಾಡಿಗೆ ಕಾರನ್ನು ಮೀನು ಮಾರುಕಟ್ಟೆಯ ಬಯಲಿನಲ್ಲಿ ನಿಲ್ಲಿಸಲೇಬೇಡಿ. ಅಲ್ಲಿ ನೀರು ನುಗ್ಗುವುದು ಮಾಮೂಲು.

ಮಳೆ ನಿಂತರೆ, ಭಾನುವಾರವಾದರೆ

ಸಂಜೆ ಹೊಳವಾದರೆ ಪೊಗನ್‌ಮ್ಯೂಲನ್ ಸೇತುವೆಗೆ ಹೋಗಿ. ಎರಡು ಕಾಲುವೆಗಳ ನಡುವೆ ನಿಂತ ಗೋಪುರದ ಮನೆಯ ಫೋಟೋ ಎಲ್ಲರೂ ತೆಗೆಯುವುದು ಇಲ್ಲಿಂದಲೇ. ದೀಪ ಹಚ್ಚುವ ಹೊತ್ತು ಬೇಕು ಅನ್ನುವವರಿಗೆ ಒಂದು ತೊಂದರೆ, ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಹತ್ತಿರ. ಅಷ್ಟು ಹೊತ್ತು ಕಾಯಲಾಗದಿದ್ದರೆ ಪಕ್ಕದ ಚಿಲೆಹೌಸ್ ನೋಡಿ. 1924ರಲ್ಲಿ ಮುಗಿದ ಇಟ್ಟಿಗೆ ಕಟ್ಟಡ, ಒಂದು ಮೂಲೆ ಹಡಗಿನ ಮೂತಿಯಷ್ಟು ಚೂಪು. ಅಲ್ಲಿಂದ ಮೆಸ್‌ಬೆರ್ಗ್ ಸ್ಟೇಷನ್ ನಾಲ್ಕು ಹೆಜ್ಜೆ.

ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ, ಸ್ಟೇಷನ್ ಒಳಗಿನವು ಬಿಟ್ಟು. ಹಾಲು ಬ್ರೆಡ್ ಶನಿವಾರವೇ ತಂದಿಡಿ. ಆದರೆ ಭಾನುವಾರ ಬೆಳಿಗ್ಗೆ ಮೀನು ಮಾರುಕಟ್ಟೆ ಇದೆ, 1703ರಿಂದ ನಡೆಯುತ್ತಿರುವುದು. ಬೇಸಿಗೆಯಲ್ಲಿ ಬೆಳಿಗ್ಗೆ 5ಕ್ಕೇ ಶುರು, ಚಳಿಗಾಲದಲ್ಲಿ 7ಕ್ಕೆ, ಒಂಬತ್ತೂವರೆಗೆ ಬಂದ್. ಮಳೆ ಬಂದರೆ ಪಕ್ಕದ ಹರಾಜು ಕಟ್ಟಡದೊಳಗೆ ನುಗ್ಗಿ. ಅಲ್ಲಿ ಆ ಹೊತ್ತಿಗೇ ಬ್ಯಾಂಡ್ ಬಾರಿಸುತ್ತಿರುತ್ತಾರೆ, ಜನ ಬಿಯರ್ ಹಿಡಿದು ಕುಣಿಯುತ್ತಿರುತ್ತಾರೆ.

ರಾತ್ರಿ ರೂಮಿಗೆ ಬಂದ ಕೂಡಲೇ ಶೂ ಒಳಗೆ ಹಳೆಯ ಪೇಪರ್ ತುರುಕಿಡಿ, ಬೆಳಿಗ್ಗೆಗೆ ಒಣಗಿರುತ್ತದೆ. ಮರುದಿನ ವಿಮಾನ ಇದ್ದರೆ ದೊಡ್ಡ ಸ್ಟೇಷನ್‌ನಿಂದ ಎಸ್1 ಹತ್ತಿ, ಅರ್ಧ ಗಂಟೆ ಸಾಕು. ಒಂದೇ ಒಂದು ಎಚ್ಚರ. ಓಲ್ಸ್‌ಡೋರ್ಫ್ ಸ್ಟೇಷನ್‌ನಲ್ಲಿ ಆ ರೈಲು ಎರಡು ತುಂಡಾಗುತ್ತದೆ. ಮುಂದಿನ ಮೂರು ಬೋಗಿ ಮಾತ್ರ ವಿಮಾನ ನಿಲ್ದಾಣಕ್ಕೆ ಹೋಗುತ್ತದೆ, ಹಿಂದಿನವು ಬೇರೆ ಕಡೆಗೆ. ಮುಂದಕ್ಕೇ ಹತ್ತಿ.